ದೊಡ್ಡವ್ವನ ಕಣ್ಣು, ನಡುವೆ ಒಂದು ಮೊರ

ಲಾಕ್‌ಡೌನನ್ನು ಕಂಡುಹಿಡಿದವಳು ನಮ್ಮ ದೊಡ್ಡವ್ವ. ನೀವು ನಂಬುವುದಿಲ್ಲ, ಗೊತ್ತು. ನಂಬಬೇಡಿ. ಆದರೆ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗೆ ಹೊರಟು, ರಸ್ತೆ ಬಿಟ್ಟು ಒಂದಿಷ್ಟು ಒಳಗೆ ತಿರುಗಿದರೆ ಸಿಗುವ ಅವಳ ಮನೆಯ ಹಿತ್ತಿಲಿಗೆ ಒಮ್ಮೆ ಹೋಗಿ ಬನ್ನಿ. ಹೋಗಿ ಬನ್ನಿ ಎಂದೆ, ಒಳಗೆ ಬಿಡುತ್ತಾಳೆ ಎನ್ನಲಿಲ್ಲ. ಅಲ್ಲೊಂದು ರೇಷ್ಮೆ ಹುಳದ ಮನೆ ಇದೆ. ಕೈ ತೊಳೆಯಿರಿ, ದೂರ ನಿಲ್ಲಿ, ಬಾಯಿ ಮುಚ್ಚಿಕೊಳ್ಳಿ, ಹೊರಗಿನವರನ್ನು ಸೇರಿಸಬೇಡಿ ಎಂದು ಸರ್ಕಾರ ಟಿ.ವಿ.ಯಲ್ಲಿ ಬಡಿದುಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಬಾಗಿಲಲ್ಲಿ ಇವೆಲ್ಲ ಜಾರಿಯಲ್ಲಿದ್ದವು.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಅವ್ವ ತೀರಿಹೋದ ಮೇಲೆ ನನ್ನನ್ನು ಈ ಲೋಕದಲ್ಲಿ 'ಉಂಡ್ಯಾ' ಎಂದು ಕೇಳುವವಳು ಇವಳೊಬ್ಬಳೇ. ಉಳಿದವರೆಲ್ಲ ಅಡುಗೆ ಆಯ್ತಾ ಎಂದು ಕೇಳುವವರು. ನಾನಿರುವುದು ಕೊಳ್ಳೇಗಾಲದಲ್ಲಿ, ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬಿಡುವು ಸಿಕ್ಕಾಗಲೆಲ್ಲ ಸ್ಕೂಟರ್ ಹತ್ತಿ ದೊಡ್ಡವ್ವನ ಊರಿಗೆ ಹೋಗುತ್ತೇನೆ. ಹೋದ ಕೂಡಲೇ ಅವಳು ಊಟಕ್ಕೆ ತಟ್ಟೆ ಹಾಕುತ್ತಾಳೆ, ಆದರೆ ಹುಟ್ಟಿದಾಗಿನಿಂದ ಇಲ್ಲಿಯವರೆಗೆ ನನ್ನನ್ನು ಹುಳದ ಮನೆಯೊಳಗೆ ಬಿಟ್ಟಿಲ್ಲ.

ರೇಷ್ಮೆ ಹುಳ ಸಾಕಿದವರಿಗೆ ಗೊತ್ತು, ಅದರಷ್ಟು ನಾಜೂಕಿನ ಜೀವ ಇನ್ನೊಂದಿಲ್ಲ. ಬೀಡಿಯ ವಾಸನೆ ಆಗದು, ಊದುಬತ್ತಿ ಆಗದು, ಮಲ್ಲಿಗೆ ಹೂ ಆಗದು. ಒಂದು ಹುಳಕ್ಕೆ ಕಾಯಿಲೆ ಬಿದ್ದರೆ ಅದನ್ನು ತಕ್ಷಣ ಗುರುತು ಹಿಡಿದು ಆರಿಸಿ ತೆಗೆಯಬೇಕು, ಇಲ್ಲವಾದರೆ ಬೆಳಗಾಗುವುದರೊಳಗೆ ಹುಳ ಸಾಕುವ ತಟ್ಟೆಗೆ ತಟ್ಟೆಯೇ ಹೋಗುತ್ತದೆ. ಅದಕ್ಕೇ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬೋಗುಣಿ. ಕಾಲು ಅದ್ದಿ, ಕೈ ತೊಳೆದು, ಬೇರೆ ಸೀರೆ ಉಟ್ಟು ಒಳಗೆ ಹೋಗಬೇಕು. ಇದು ಎಲ್ಲ ರೈತರ ಮನೆಯಲ್ಲೂ ಉಂಟು. ಆದರೆ ಎಲ್ಲರೂ ಈ ಕಾನೂನನ್ನು ಹುಳದ ಮನೆಗೆ ಮಾತ್ರ ಹಾಕುತ್ತಾರೆ, ದೊಡ್ಡವ್ವ ಅದನ್ನು ಬೀದಿಯವರೆಗೂ ವಿಸ್ತರಿಸಿದ್ದಾಳೆ.

ಮದುವೆಯಾದ ಹೊಸದರಲ್ಲಿ ನನ್ನ ಗಂಡನನ್ನು ಕರೆದುಕೊಂಡು ಹೋಗಿದ್ದೆ. ಹೊಸ ಅಳಿಯ, ಇಸ್ತ್ರಿ ಮಾಡಿದ ಅಂಗಿ, ಬಗಲಿಗೆ ಧಾರಾಳವಾಗಿ ಸೆಂಟು. ಇನ್ನೂ ಬೇಲಿ ದಾಟಿರಲಿಲ್ಲ, ಗಾಳಿ ಯಾವ ಕಡೆ ಬೀಸುತ್ತಿತ್ತೋ ಏನೋ, ಒಳಗಿಂದ ಕೂಗು ಬಂತು.

"ಅಳಿಯಂದ್ರೇ, ಅಲ್ಲೇ ನಿಂತ್ಕಳಿ."

ಆರತಿ ತರುತ್ತಾಳೆ ಎಂದುಕೊಂಡು ಅವರು ನಗುತ್ತಾ ನಿಂತರು. ಬಂದದ್ದು ಬಕೆಟ್ಟು ನೀರು, ಬಟ್ಟೆ ಒಗೆಯುವ ಸೋಪು ಮತ್ತು ನಮ್ಮ ದೊಡ್ಡಪ್ಪನ ಒಂದು ಪಂಚೆ. ಪಂಪ್‌ಸೆಟ್ ಹತ್ತಿರ ಸ್ನಾನ ಮಾಡಿಕೊಂಡು ಬಂದ ಮೇಲೆ ಅಳಿಯನಿಗೆ ಹೋಳಿಗೆ ಸಿಕ್ಕಿತು. ಇವತ್ತಿಗೂ ನನ್ನ ಗಂಡ ಆ ಊರಿಗೆ ಹೊರಡುವ ಹಿಂದಿನ ದಿನದಿಂದಲೇ ಮುಖಕ್ಕೆ ಪೌಡರು ಹಾಕುವುದಿಲ್ಲ.

ದೊಡ್ಡಪ್ಪನ ಪಾಡು ಇನ್ನೂ ವಿಶೇಷ. ಅವರು ಬೀಡಿ ಸೇದುತ್ತಾರೆ. ಆದ್ದರಿಂದ ಅವರ ಹಾಸಿಗೆ ಜಗಲಿಯ ಮೇಲೆ, ಅವರ ಲೋಟ ಬೇರೆ, ಅವರು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ತಂದರೆ ಅದನ್ನು ದೂರದಲ್ಲಿ ಇಳಿಸಿ ಹಿಂದಕ್ಕೆ ಸರಿಯಬೇಕು. ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಬಾಗಿಲು ಹಾಕಿಕೊಂಡಾಗ ಇಡೀ ಊರಿನಲ್ಲಿ ಖುಷಿಯಾಗಿದ್ದವರು ಅವರೊಬ್ಬರೇ. "ನಂಗೇನು ಒಸ್ದಲ್ಲ ಕಣವ್ವ," ಎಂದರು ಫೋನಿನಲ್ಲಿ. "ಮದ್ವೆಯಾದಾಗಿಂದ ನಾನು ಇದ್ರಲ್ಲೇ ಇವ್ನಿ. ಈಗ ಜೊತೆಗೆ ಲೋಕ್ವೇ ಬಂತಲ್ಲ, ಅಷ್ಟೇ ಸಮಾಧಾನ."

ದೊಡ್ಡವ್ವನಿಗಾದರೋ ಅದು ದಿಗ್ವಿಜಯ. "ಈಗ ಬುದ್ಧಿ ಬಂತಾ ಎಲ್ರಿಗೂವೆ?" ಎಂದು ಒಂದೇ ಮಾತು ಹೇಳಿ ಕೆಲಸಕ್ಕಿಳಿದಳು. ಹುಳದ ಮನೆಯ ಬೋಗುಣಿ ಬೀದಿಬಾಗಿಲಿಗೆ ಬಂತು. ಜಗಲಿಗೆ ಅಡ್ಡವಾಗಿ ಒಂದು ಚಂದ್ರಿಕೆ ನಿಂತಿತು. ಚಂದ್ರಿಕೆ ಎಂದರೆ ಹುಳ ಬಲಿತು ಹಣ್ಣಾದ ಮೇಲೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ, ಮಂಚದಷ್ಟು ಅಗಲ. ಬಂದವರು ಆ ಕಡೆ, ಅವಳು ಈ ಕಡೆ. ಬಿದಿರಿನ ಸಂದಿಯಲ್ಲಿ ಅವಳ ಮುಖ ಅಲ್ಲಿಷ್ಟು ಇಲ್ಲಿಷ್ಟು ಕಾಣುತ್ತಿತ್ತು. ಜೈಲಿನಲ್ಲಿದ್ದವರನ್ನು ನೋಡಲು ಹೋದ ಹಾಗೆ ಅನ್ನಿಸುತ್ತಿತ್ತು, ಆದರೆ ಜೈಲಿನಲ್ಲಿ ಇರುವವರು ನಾವೋ ಅವಳೋ ಎಂಬುದು ಸರಿಯಾಗಿ ಗೊತ್ತಾಗುತ್ತಿರಲಿಲ್ಲ.

ಕೈ ತೊಳೆಯುವುದು ಹೇಗೆ ಎಂದು ಹೇಳಿಕೊಡಲು ಆಶಾ ಕಾರ್ಯಕರ್ತೆ ಮನೆಮನೆಗೆ ಬರುತ್ತಿದ್ದಳು, ಪಾಪ. ಇವರ ಮನೆಗೂ ಬಂದಳು. ದೊಡ್ಡವ್ವ ಅವಳ ಕೈಯನ್ನು ಮೊಣಕೈವರೆಗೂ ತೊಳೆಸಿದಳು. ಉಗುರಿನ ಸಂದಿ ಸರಿಯಾಗಿಲ್ಲ ಎಂದು ಇನ್ನೊಮ್ಮೆ ತೊಳೆಸಿದಳು. ಕಾಲು ಅದ್ದಿಸಿದಳು. ಆಮೇಲೆ "ಈಗ ಏಳವ್ವ, ಏನು ಬಂದದ್ದು?" ಎಂದು ಕೇಳಿದಳು. ಹೇಳಿಕೊಡಲು ಬಂದವಳು ಸುಮ್ಮನೆ ಒಂದು ಸಹಿ ಹಾಕಿಸಿಕೊಂಡು ಹೋದಳು.

ಇಷ್ಟೆಲ್ಲ ತಮಾಷೆಯಾಗಿ ನಡೆದುಕೊಂಡು ಹೋಗುತ್ತಿದ್ದಾಗ ಒಂದು ದಿನ ದೊಡ್ಡಪ್ಪನ ಫೋನು ಬಂತು. ದನಿ ತೀರಾ ಕೆಳಗಿತ್ತು. ಹಿಪ್ಪುನೇರಳೆ ತೋಟದೊಳಗೆ ನಿಂತು ಮಾತಾಡುತ್ತಿದ್ದರಂತೆ.

"ಈ ಸಲ ಬೆಳೆ ಕೈ ಕೊಡ್ತು ಕಣವ್ವ. ಕಾಯಿಲೆ ಉಳ ಅವಳ ಕಣ್ಗೇ ಬೀಳ್ತಿಲ್ಲ. ಚೆನ್ನಾಗಿರೋವ್ನ ಎತ್ತಿ ಎಸೀತಾಳೆ, ಕೆಟ್ಟವ್ನ ಬುಡ್ತಾಳೆ. ನಾನೇನಾರ ಅಂದ್ರೆ ಬೀಡಿ ವಾಸ್ನೆಗೆ ಇಂಗಾಯ್ತು ಅಂತ ನನ್ ಮೇಲೇ ಬತ್ತಾಳೆ."

ಮಾರನೇ ದಿನವೇ ಹೋದೆ. ಶಾಲೆ ಹೇಗೂ ಮುಚ್ಚಿತ್ತು. ಫೋನಿನೊಳಗೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ, ಅವರು ಆ ಕಡೆ ಕಲಿಯುತ್ತಿದ್ದರೋ ಮಲಗಿರುತ್ತಿದ್ದರೋ ದೇವರಿಗೇ ಗೊತ್ತು. ನಾನು ಹೋದಾಗ ದೊಡ್ಡವ್ವ ಚಂದ್ರಿಕೆಯ ಹಿಂದೆ ನಿಂತು ಯಾರನ್ನೋ ಬಯ್ಯುತ್ತಿದ್ದಳು. ಮೂಗು ಬಾಯಿ ಮುಚ್ಚಿಕೊಳ್ಳದೆ ಬೇಲಿ ಹತ್ತಿರ ನಿಂತಿದ್ದೀಯಲ್ಲ, ನಿನಗೆ ಮನೆ ಮಕ್ಕಳಿಲ್ಲವೇ ಎಂದು ಸಹಸ್ರನಾಮ ನಡೆದಿತ್ತು. ತಿರುಗಿ ನೋಡಿದೆ. ಬೇಲಿಯ ಮೇಲೆ ಪಕ್ಕದ ಮನೆಯವರು ಒಣಹಾಕಿದ್ದ ಪಂಚೆ.

"ದೊಡ್ಡವ್ವ, ಕಣ್ಣು ತೋರಿಸೋಣ ಬಾ," ಎಂದೆ.

"ನನ್ ಕಣ್ಗೇನಾಗದೆ? ಕಣ್ಣು ಸರಿಯಾಗೇ ಅವೆ. ಬೆಳ್ಕೇ ಕಮ್ಮಿಯಾಗದೆ."

"ಬೆಳಕು ಹೇಗೆ ಕಮ್ಮಿಯಾಗುತ್ತದೆ?"

"ಎಲ್ಲಾನೂ ನಿಲ್ಸವ್ರಲ್ಲ, ಬಸ್ಸು ನಿಲ್ಸವ್ರೆ, ಸಂತೆ ನಿಲ್ಸವ್ರೆ. ಕರೆಂಟ್ನೂ ಕಮ್ಮಿ ಬುಡ್ತಾವ್ರೆ."

"ಸೂರ್ಯ?"

ಸೂರ್ಯನ ವಿಷಯ ಅವಳಿಗೆ ಸ್ವಲ್ಪ ತೊಡಕಾಯಿತು. ಮೊದಲಿನ ಹಾಗೆ ಇಲ್ಲ ಬಿಡು ಎಂದಳು. ಆದರೆ ಚಂದ್ರಿಕೆಯ ಆ ಕಡೆಯಿಂದ ನನ್ನ ಮುಖವನ್ನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ನಾನು ಪಕ್ಕಕ್ಕೆ ಸರಿದರೂ ಅವಳು ನಾನು ಮೊದಲು ನಿಂತಿದ್ದ ಕಡೆಗೇ ನೋಡುತ್ತಿದ್ದಳು. ನನಗೆ ನಗು ಬರಲಿಲ್ಲ. ಇನ್ನೊಂದು ಬೆಳೆ ಹೀಗೇ ಹೋದರೆ ಹುಳದ ಮನೆಗೆ ಬೀಗ ಹಾಕುತ್ತೇನೆ ಎಂದು ಅವಳೇ ದೊಡ್ಡಪ್ಪನಿಗೆ ಹೇಳಿದ್ದಳಂತೆ. ಬೀಗ ಹಾಕಿ ಅವಳು ಏನು ಮಾಡುತ್ತಾಳೆ? ಬೆಳಗಾಗೆದ್ದು ಸೊಪ್ಪು ಹಾಕದ ದೊಡ್ಡವ್ವನನ್ನು ನಾನು ನೋಡೇ ಇಲ್ಲ.

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ನನ್ನ ಸ್ಕೂಟರಿನಲ್ಲಿ ಹಿಂದೆ ಕೂರುತ್ತಾಳೆ, ಆದರೆ ನನಗೆ ತಾಕುವ ಹಾಗಿಲ್ಲ. ಸ್ಕೂಟರಿನಲ್ಲಿ ಇಬ್ಬರು ತಾಕದೆ ಕೂರುವುದು ಹೇಗೆ? ಒಳಗೆ ಹೋಗಿ ಒಂದು ಮೊರ ತಂದಳು. ಅಕ್ಕಿ ಕೇರುವ ಮೊರ. ನನ್ನ ಬೆನ್ನಿಗೂ ತನ್ನ ಎದೆಗೂ ನಡುವೆ ಅದನ್ನು ಅಡ್ಡ ಹಿಡಿದು ಕೂತಳು. ಯಳಂದೂರಿನ ದಾರಿಯುದ್ದಕ್ಕೂ ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ನಿಂತು ನೋಡಿದರು. ಎದುರಿನಿಂದ ಲಾರಿ ಬಂದಾಗಲೆಲ್ಲ ಮೊರಕ್ಕೆ ಗಾಳಿ ಹಿಡಿದು ಗಾಡಿ ಪಕ್ಕಕ್ಕೆ ವಾಲುತ್ತಿತ್ತು. ಕೊರೊನಾದಿಂದ ಉಳಿದರೂ ಮೊರದಿಂದ ಉಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಮಾದಪ್ಪನಿಗೆ ಹರಕೆ ಕಟ್ಟಿಕೊಂಡೆ.

ಯಳಂದೂರಿನಲ್ಲಿ ಒಂದು ಕನ್ನಡಕದ ಅಂಗಡಿ. ಅಲ್ಲೇ ಕಣ್ಣು ಪರೀಕ್ಷೆಯನ್ನೂ ಮಾಡುತ್ತಿದ್ದರು. ಅಂಗಡಿಯಾತ ಒಳ್ಳೆಯವನು. ಒಂದು ದಪ್ಪ ಕಬ್ಬಿಣದ ಚೌಕಟ್ಟನ್ನು ಗಿರಾಕಿಯ ಮೂಗಿಗೆ ಸಿಕ್ಕಿಸಿ, ಅದರೊಳಗೆ ಗಾಜಿನ ಬಿಲ್ಲೆ ಬದಲಾಯಿಸುತ್ತಾ ಈಗ ಕಾಣುತ್ತದಾ ಈಗ ಕಾಣುತ್ತದಾ ಎಂದು ಕೇಳುತ್ತಿದ್ದ. ದೊಡ್ಡವ್ವ ಬಾಗಿಲಲ್ಲೇ ನಿಂತು ನೋಡಿದಳು. ಒಬ್ಬನ ಮೂಗಿನಿಂದ ತೆಗೆದದ್ದನ್ನು ಇನ್ನೊಬ್ಬನ ಮೂಗಿಗೆ ಹಾಕಿದ್ದು ಕಂಡಿತು. ನನ್ನ ಮುಖ ಕಾಣದ ಕಣ್ಣಿಗೆ ಇದು ಮಾತ್ರ ಹೇಗೆ ಕಂಡಿತೋ!

"ನಡಿಯಮ್ಮಿ," ಎಂದಳು. "ಒಂದೇ ಕನ್ನಡ್ಕನ ಊರೋರ್ ಮೂಗ್ಗೆಲ್ಲ ಇಕ್ತಾವ್ನೆ. ಎಂಜಲು ತಟ್ಟೇಲಿ ಉಣ್ಣದೂ ಒಂದೇಯ, ಎಂಜಲು ಕನ್ನಡ್ಕ ಇಕ್ಕಳದೂ ಒಂದೇಯ."

"ಒರೆಸಿ ಕೊಡ್ತೀನಿ ಬನ್ನಿ ಅಮ್ಮ," ಎಂದ ಆತ. ಒರೆಸಿದ್ದು ತನ್ನ ಅಂಗಿಯ ಚುಂಗಿನಲ್ಲಿ. ಅಲ್ಲಿಗೆ ಯಳಂದೂರು ಮುಗಿಯಿತು.

ಆಮೇಲೆ ಹನೂರಿನಲ್ಲಿ ಉಚಿತ ಕಣ್ಣಿನ ಶಿಬಿರ ಇದೆ ಎಂದು ತಿಳಿಯಿತು. ಮತ್ತೆ ಮೊರ, ಮತ್ತೆ ಲಾರಿಗಳ ಗಾಳಿ. ಹನೂರು ಮುಟ್ಟುವಷ್ಟರಲ್ಲಿ ನನ್ನ ಬೆನ್ನಿನ ಮೇಲೆ ಮೊರದ ಹೆಣಿಗೆಯ ಅಚ್ಚು ಮೂಡಿತ್ತು. ಶಿಬಿರ ನಡೆಯುತ್ತಿದ್ದುದು ಒಂದು ಮದುವೆ ಛತ್ರದಲ್ಲಿ. ಹೋದರೆ ಅಲ್ಲಿ ಜನವೋ ಜನ. ಅಂತರ ಕಾಪಾಡಿ ಎಂದು ಬರೆದ ಬ್ಯಾನರಿನ ಕೆಳಗೇ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಸರಿ, ಇದೂ ಮುಗಿಯಿತು, ವಾಪಸ್ಸು ಹೊರಡೋಣ ಎಂದುಕೊಂಡೆ.

ದೊಡ್ಡವ್ವ ಹೊರಡಲಿಲ್ಲ. ಸೀರೆಯ ಮಡಿಲಿನಿಂದ ಒಂದು ಪೊಟ್ಟಣ ತೆಗೆದಳು. ಹುಳದ ತಟ್ಟೆಗೆ ಉದುರಿಸುವ ಸುಣ್ಣದ ಪುಡಿ. ಬಗ್ಗಿಕೊಂಡು ಛತ್ರದ ನೆಲದ ಮೇಲೆ ಒಂದು ವೃತ್ತ ಬರೆದಳು. ಎರಡು ಹೆಜ್ಜೆ ನಡೆದು ಇನ್ನೊಂದು. ಬರೆಯುತ್ತಾ ಬರೆಯುತ್ತಾ ಬಾಗಿಲವರೆಗೂ ಹೋದಳು. ಪುಡಿ ಮುಗಿದಾಗ ಸೊಂಟ ನೆಟ್ಟಗೆ ಮಾಡಿ ಹೇಳಿದಳು. "ಒಂದೊಂದ್ರಲ್ಲಿ ಒಬ್ಬೊಬ್ರು ನಿಂತ್ಕಳಿ. ಗೆರೆ ದಾಟುದ್ರೆ ನೋಡಿ."

ಜನ ನಿಂತುಬಿಟ್ಟರು. ಯಾರೋ ಇಲಾಖೆಯಿಂದ ಬಂದವರು ಎಂದುಕೊಂಡರೋ ಏನೋ. ತಮಿಳು ಮಾತಾಡುವ ಮುದುಕಿಯೊಬ್ಬಳು ಗಡಿಯ ಕಡೆಯ ಊರಿನಿಂದ ಬಂದಿದ್ದಳು. ದೊಡ್ಡವ್ವನಿಗೆ ತಮಿಳು ಬಾರದು, ಅವಳಿಗೆ ಕನ್ನಡ ಬಾರದು. ಆದರೆ ಸುಣ್ಣದ ಗೆರೆಗೆ ಭಾಷೆ ಯಾತಕ್ಕೆ? ಅವಳೂ ಅದರೊಳಗೆ ಸೆರಗು ಹಾಸಿ ಕೂತಳು. ಬೇಲಿಯ ಪಂಚೆಯನ್ನು ಗುರುತಿಸಲಾರದ ದೊಡ್ಡವ್ವ ಅವತ್ತು ಯಾರ ಮಾಸ್ಕು ಮೂಗಿನಿಂದ ಇಳಿದಿದೆ ಎಂದು ಅವರ ದನಿಯಿಂದಲೇ ಕಂಡುಹಿಡಿಯುತ್ತಿದ್ದಳು. ಶಿಬಿರದವರಿಗೆ ಸಂತೋಷವೋ ಸಂತೋಷ. ಸಾಲು ಸರಸರನೆ ಕರಗಿತು. ಮಧ್ಯಾಹ್ನದ ಹೊತ್ತಿಗೆ ಅವಳಿಗೊಂದು ಉಪ್ಪಿಟ್ಟಿನ ಪೊಟ್ಟಣ ಕೊಟ್ಟು ಕೈಮುಗಿದರು. ಅದನ್ನು ತೆಗೆದುಕೊಂಡು ಬಂದು ಮೊರ ಎತ್ತಿಕೊಂಡು, "ನಡಿ ಓಗಮ," ಎಂದಳು.

"ನಿನ್ನ ಕಣ್ಣು?"

"ಆಗ್ಲೇ ಮುಚ್ತಾವ್ರಲ್ಲವ್ವ. ಇನ್ನೊಂದಿನ ನೋಡುಮ."

ಹನೂರಿನವರಿಗೆಲ್ಲ ಕಣ್ಣು ತೋರಿಸಿ ತಾನೊಬ್ಬಳು ತೋರಿಸದೆ ಬಂದಳು. ದಾರಿಯಲ್ಲಿ ಗಾಡಿ ಓಡಿಸುತ್ತಾ ನನಗೆ ಒಂದು ಅನುಮಾನ ಹತ್ತಿತು. ಸಾಲಿನಲ್ಲಿ ತನ್ನ ಸರದಿ ಬಂದಾಗಲೆಲ್ಲ ಇವಳು ಹಿಂದಿದ್ದವರನ್ನು ಮುಂದೆ ಕಳಿಸುತ್ತಿದ್ದುದನ್ನು ನಾನು ನೋಡಿದ್ದೆ. ಇವಳು ನಿಜವಾಗಿ ಹೆದರಿರುವುದು ಕೊರೊನಾಗೇನಾ? ಕೇಳಿಬಿಡೋಣ ಅನ್ನಿಸಿತು. ನಡುವೆ ಮೊರವಿತ್ತು, ಕೇಳಲಿಲ್ಲ.

ಮೂರನೆಯ ಸಲ ಅವಳನ್ನು ಹೊರಡಿಸಿದ್ದು ದೊಡ್ಡಪ್ಪ. ಹೊಸ ಹುಳ ತರುವ ದಿನ ಹತ್ತಿರ ಬರುತ್ತಿತ್ತು. ತರುವುದೋ ಬೇಡವೋ ಎಂದು ಅವಳು ಬಾಯಿ ಬಿಡುತ್ತಿರಲಿಲ್ಲ, ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ದೊಡ್ಡಪ್ಪ ಜಗಲಿಯಿಂದಲೇ ಹೇಳಿದರಂತೆ. "ಲೇ, ನೀನು ಕಣ್ಣು ತೋರ್ಸ್ಕಂಡು ಬಾ. ನಾನು ಬೀಡಿ ಬುಡ್ತೀನಿ."

ಆ ಮಾತಿಗೆ ದೊಡ್ಡವ್ವ ಅಲ್ಲಾಡಿಹೋದಳು. ಎಷ್ಟು ವರ್ಷದಿಂದ ಬೇಡಿಕೊಂಡರೂ ಬಿಡದ ಬೀಡಿ! ಬಿಟ್ಟರೇ ಎಂದು ನೀವು ಕೇಳಬೇಡಿ. ಈ ಪ್ರಬಂಧ ಕಣ್ಣಿನದು, ಬೀಡಿಯದಲ್ಲ.

ಹಾಗೆ ಕೊಳ್ಳೇಗಾಲಕ್ಕೆ ಬಂದೆವು. ನಮ್ಮ ಮನೆಗೆ ಹತ್ತಿರದಲ್ಲೇ ಒಬ್ಬರು ಕಣ್ಣಿನ ಡಾಕ್ಟರು, ಮೃದು ಮಾತಿನ ಹೆಂಗಸು. ಬಾಗಿಲಲ್ಲಿ ನೀಲಿ ಅಂಗಿ ತೊಟ್ಟ ಒಬ್ಬಳು ಸಹಾಯಕಿ ಸ್ಯಾನಿಟೈಸರ್ ಹಿಡಿದು ನಿಂತಿದ್ದಳು. ದೊಡ್ಡವ್ವ ಮಡಿಲಿನ ಪೊಟ್ಟಣಕ್ಕೆ ಕೈಹಾಕುವ ಮೊದಲೇ ಆಕೆ ಅಂದಳು.

"ಚಪ್ಪಲಿ ಅಲ್ಲೇ ಬಿಡಿ ಅಮ್ಮ. ಕೈ ನೀಡಿ. ಆ ಮೊರ ಒಳಕ್ಕೆ ತರಂಗಿಲ್ಲ."

"ಯಾಕವ್ವ?"

"ಹೊರಗಡೆ ಸಾಮಾನು ಒಳಕ್ಕೆ ಬಿಡಲ್ಲ ನಾವು."

ನಾನು ಕಣ್ಣು ಮುಚ್ಚಿಕೊಂಡೆ. ಇನ್ನು ಇಲ್ಲೇ ಕುರುಕ್ಷೇತ್ರ ಎಂದುಕೊಂಡೆ. ಜೀವಮಾನವಿಡೀ ಬಾಗಿಲಲ್ಲಿ ನಿಂತು ಊರನ್ನು ತಡೆದವಳನ್ನು ಇವತ್ತು ಬಾಗಿಲಲ್ಲಿ ತಡೆದಿದ್ದಾರೆ! ಕಣ್ಣು ಬಿಟ್ಟರೆ ದೊಡ್ಡವ್ವ ಮೊರವನ್ನು ಗೋಡೆಗೆ ಒರಗಿಸಿ, ಕೈಯನ್ನು ಮೊಣಕೈವರೆಗೂ ಉಜ್ಜಿಕೊಳ್ಳುತ್ತಿದ್ದಳು. ಮುಖದಲ್ಲಿ ನಗು.

"ನನ್ನೇ ತಡೆದ್ಲು ಅಂದ್ಮೇಲೆ ಈ ಜಾಗ ಸರಿಯಾಗದೆ ಕಣಮ್ಮಿ," ಎಂದಳು. "ಎದ್ರುಕಬೇಡ, ಬಾ."

ಹೆದರಿದ್ದವಳು ನಾನಂತೆ.

ಆದರೂ ಡಾಕ್ಟರನ್ನು ಪರೀಕ್ಷೆ ಮಾಡದೆ ಬಿಡುವಳೇ? ಅವರು ಇವಳ ಕಣ್ಣು ನೋಡುವ ಮೊದಲು ಇವಳು ಅವರ ವಿಚಾರಣೆ ನಡೆಸಿದಳು. ಬೆಳಿಗ್ಗೆ ಹೂ ಮುಡಿದಿದ್ದಿರಾ, ಮುಡಿದಿಲ್ಲ. ಸೆಂಟು ಹಾಕುವ ಅಭ್ಯಾಸ ಉಂಟಾ, ಇಲ್ಲ. ನಿಮ್ಮ ಯಜಮಾನರು ಬೀಡಿ ಸೇದುತ್ತಾರಾ?

"ಸಿಗರೇಟು ಸೇದ್ತಾರೆ ಅಮ್ಮ," ಎಂದರು ಡಾಕ್ಟರು, ಒಂಚೂರೂ ಬೇಸರವಿಲ್ಲದೆ. "ನೀವೇ ಒಂದ್ಸಲ ಹೇಳಬೇಕು ಅವರಿಗೆ."

"ಜಗ್ಲಿ ಮೇಲೆ ಮಲಗ್ಸಿ," ಎಂದಳು ದೊಡ್ಡವ್ವ.

ಡಾಕ್ಟರು ಚೌಕಟ್ಟನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರು, ಗಲ್ಲ ಇಡುವ ಜಾಗವನ್ನು ಒರೆಸಿದರು, ಯಂತ್ರಕ್ಕೂ ತಮಗೂ ನಡುವೆ ಕಟ್ಟಿದ್ದ ಪಾರದರ್ಶಕ ಹಾಳೆಯನ್ನು ಒರೆಸಿದರು. ದೊಡ್ಡವ್ವ ನನ್ನ ಕಡೆ ತಿರುಗಿ ದೊಡ್ಡ ದನಿಯಲ್ಲೇ ಹೇಳಿದಳು. "ಈ ಡಾಕ್ಟ್ರವ್ವನ್ನ ನಮ್ ಉಳದ್ ಮನೆಗೆ ಬುಟ್ಕಬೋದು." ಅದರ ಬೆಲೆ ಡಾಕ್ಟರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ಗೋಡೆಯ ಮೇಲಿನ ಹಲಗೆಯಲ್ಲಿ ಸಾಲುಸಾಲಾಗಿ ಅಕ್ಷರ. ದೊಡ್ಡವ್ವನಿಗೆ ಓದು ಅಷ್ಟಕ್ಕಷ್ಟೇ ಆದ್ದರಿಂದ, ಗೆರೆಗಳು ಯಾವ ಕಡೆ ಮುಖ ಮಾಡಿವೆ ಎಂದು ಕೈಯಲ್ಲಿ ತೋರಿಸುವ ಹಲಗೆ ಹಾಕಿದರು. ಮೇಲಿನದ್ದನ್ನು ತೋರಿಸಿದಳು. ಮಾಸ್ಕಿನೊಳಗಿನ ಉಸಿರು ಮೇಲೆ ಬಂದು ಚೌಕಟ್ಟಿನ ಗಾಜಿಗೆಲ್ಲ ಮಂಜು ಕಟ್ಟಿತು. "ನೋಡು, ನನ್ ಕಣ್ಣಲ್ಲ, ಮಂಜು," ಎಂದಳು. ಡಾಕ್ಟರು ಮಾಸ್ಕಿನ ಮೇಲಂಚಿಗೆ ಒಂದು ಪಟ್ಟಿ ಅಂಟಿಸಿದರು. ಮಂಜು ಹೋಯಿತು, ನೆಪವೂ ಹೋಯಿತು.

"ಈ ಸಾಲು?"

"ಅದು ಬೇಡ ಡಾಕ್ಟ್ರವ್ವ. ಆ ಸಾಲೆಲ್ಲ ಕಾಯಿಲೆ ಬಿದ್ದು ಬಿಳ್ಚಿಕಂಡವೆ. ಎತ್ತಿ ಎಸ್ದ್ಬುಡಿ."

ಡಾಕ್ಟರು ನಕ್ಕರು. ನಾನೂ ನಕ್ಕೆ. ದೊಡ್ಡವ್ವ ನಗಲಿಲ್ಲ. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಕಣ್ಣಿನ ಹಿಂಭಾಗ ನೋಡಬೇಕು, ಸ್ವಲ್ಪ ಹೊತ್ತು ಒಳಗಿನ ಕತ್ತಲೆ ಕೋಣೆಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿರಿ ಎಂದರು. ಜೊತೆಗೆ ಒಬ್ಬರು ಬರಬಹುದು ಎಂದರು.

ನಾನು ಹೊರಗೇ ಉಳಿದೆ. ಸಣ್ಣ ಕೋಣೆ, ದೊಡ್ಡವ್ವನ ಕಾನೂನು ನನಗೆ ಗೊತ್ತಿಲ್ಲವೇ? ಬಾಗಿಲಲ್ಲಿ ಅವಳು ನಿಂತಳು, ತಿರುಗಿದಳು. "ನೀನೂ ಬಾ ಒಳಕ್ಕೆ," ಎಂದಳು.

ಕೈ ತೊಳೆದೇ ದಾಟಬೇಕಾದ ಒಂದು ಬಾಗಿಲ ಒಳಗೆ ದೊಡ್ಡವ್ವ ನನ್ನನ್ನು ಕರೆದದ್ದು ಅದೇ ಮೊದಲು.

ಒಳಗೆ ಎರಡು ಕುರ್ಚಿ. ದೂರದ್ದರಲ್ಲಿ ಕೂತೆ. ಅವಳು ಕಣ್ಣು ಮುಚ್ಚಿಕೊಂಡು, ಮಡಿಲಲ್ಲಿ ಕೈ ಇಟ್ಟುಕೊಂಡು, ತಲೆ ಗೋಡೆಗೆ ಕೊಟ್ಟು ಕೂತಿದ್ದಳು. ಏನಾದರೂ ತಮಾಷೆ ಮಾಡೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳೇ ಶುರು ಮಾಡಿದಳು.

"ನಮ್ಮವ್ವಂಗೂ ಇಂಗೇ ಆದದ್ದು ಕಣಮ್ಮಿ. ಮೊದ್ಲು ಬೆಳ್ಕು ಕಮ್ಮಿಯಾಗದೆ ಅಂದ್ಲು. ಆಮೇಲೆ ಒಲೆ ಮುಂದೆ ಕೂರದ ಬುಟ್ಲು. ಆಮೇಲೆ ಜಗ್ಲಿ ಬುಟ್ಟು ಏಳ್ನೇ ಇಲ್ಲ."

ಅಜ್ಜಿಯ ನೆನಪು ನನಗೆ ಮಸುಕು. ಜಗಲಿಯ ಕಂಬಕ್ಕೆ ಒರಗಿ ಕೂತು ಯಾರು ಬಂದದ್ದು ಎಂದು ಕೇಳುತ್ತಿದ್ದ ಒಂದು ದನಿ ಮಾತ್ರ.

"ಆದ್ರೂ ನಮ್ಮವ್ವ ನಮ್ಮುನ್ನೆಲ್ಲ ನೋಡೋಳು," ಎಂದಳು ದೊಡ್ಡವ್ವ. "ಮೊಕ ಮುಟ್ಟಿ ನೋಡೋಳು. ನಿಮ್ಮವ್ವನ ಮೊಕ ಎಲ್ಡೂ ಕೈಲಿ ಇಡ್ಕಂಡು, ಇವ್ಳು ಸೊರ್ಗವ್ಳೆ, ಇವ್ಳು ಅತ್ತವ್ಳೆ, ಅಂತ ಏಳ್ಬುಡೋಳು. ಮುಟ್ಟುದ್ರೆ ಕಾಣೋದು ಅವ್ಳಿಗೆ."

ಮಡಿಲಲ್ಲಿದ್ದ ಕೈಗಳನ್ನು ಮಗುಚಿ ಇಟ್ಟುಕೊಂಡಳು.

"ಈಗ ಯಾರೂ ಯಾರ್ನೂ ಮುಟ್ಟಂಗಿಲ್ಲ. ನಾನೇ ಮುಟ್ಬೇಡಿ ಅಂತ ಊರ್ಗೆಲ್ಲ ಏಳಿವ್ನಿ. ಕಣ್ಣೂ ಓಗಿ, ಮುಟ್ಟಕೂ ಆಗ್ದೆ ಓದ್ರೆ, ನಿಮ್ಮುನ್ನೆಲ್ಲ ನಾನು ಇನ್ಯಾವದ್ರಲ್ಲಿ ನೋಡ್ಲವ್ವ?"

ನನ್ನ ಕುರ್ಚಿಯನ್ನು ಎಳೆದು ಅವಳ ಕುರ್ಚಿಯ ಪಕ್ಕಕ್ಕೆ ಹಾಕಿಕೊಂಡೆ. ಕಣ್ಣು ಮುಚ್ಚಿದ್ದರೂ ಸದ್ದು ಕೇಳಿರಬೇಕು. ದೂರ ಹೋಗು ಎನ್ನಲಿಲ್ಲ.

ಡಾಕ್ಟರು ಬಂದು ಬಹಳ ಹೊತ್ತು ನೋಡಿದರು. ಎರಡು ಬೆರಳಿನಿಂದ ಅವಳ ರೆಪ್ಪೆ ಎತ್ತಿ ಹಿಡಿದು, ಮೇಲೆ ನೋಡಿ, ಕೆಳಗೆ ನೋಡಿ ಎಂದು ಹೇಳುತ್ತಾ, ಅವಸರವಿಲ್ಲದೆ ನೋಡಿದರು. ನಾನು ಕುರ್ಚಿಯ ಅಂಚಿನಲ್ಲಿ ಕೂತಿದ್ದೆ. ಆಮೇಲೆ ದೀಪ ಹಾಕಿದರು.

"ಪೊರೆ ಬಂದಿದೆ ಅಮ್ಮ, ಎರಡೂ ಕಣ್ಣಿಗೆ. ಅಷ್ಟೇ. ಹಿಂದಿನ ನರ ಎಲ್ಲ ಚೆನ್ನಾಗಿದೆ. ಒಂದೊಂದಾಗಿ ಆಪರೇಷನ್ ಮಾಡೋಣ, ಮನೆಗೆ ಅವತ್ತೇ ಹೋಗಬಹುದು."

"ಉಳ ಕಾಣ್ತವಾ?"

"ಹುಳದ ಕಾಲೂ ಕಾಣುತ್ತೆ."

ದೊಡ್ಡವ್ವ ತಲೆ ಆಡಿಸಿದಳು. ಹನಿ ಹಾಕಿದ್ದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹನಿಯದೇ ಎಂದು ನಾನೂ ಅಂದುಕೊಂಡೆ, ಡಾಕ್ಟರೂ ಅಂದುಕೊಂಡರು. "ನಮ್ಮವ್ವಂಗೂ ಇದೇ ಇತ್ತೇನೋ," ಎಂದಳು ತನ್ನಷ್ಟಕ್ಕೆ. ಡಾಕ್ಟರಿಗೆ ಅದು ಕೇಳಿಸಲಿಲ್ಲ. ಹೊಸ ಹುಳ ತರುವುದನ್ನು ಆಪರೇಷನ್ ಆಗುವವರೆಗೆ ಮುಂದಕ್ಕೆ ಹಾಕುವುದೆಂದು ಅಲ್ಲೇ ಕೂತು ತೀರ್ಮಾನ ಮಾಡಿದಳು. ಬೇಡ ಎಂದು ಅಲ್ಲ, ಆಮೇಲೆ ಎಂದು.

ಹೊರಗೆ ಬಿಸಿಲು. ಹನಿ ಹಾಕಿದ ಕಣ್ಣಿಗೆ ಬೆಳಕು ಚುಚ್ಚುತ್ತದೆ ಎಂದು ಕಪ್ಪು ಕನ್ನಡಕ ಕೊಟ್ಟಿದ್ದರು. ಅದನ್ನು ಹಾಕಿಕೊಂಡ ದೊಡ್ಡವ್ವ ಥೇಟ್ ಸಿನಿಮಾದ ಖಳನಾಯಕಿ. ಅದನ್ನು ಹೇಳಿ ನಗಿಸಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಾಗಿಲಲ್ಲಿದ್ದ ಸಹಾಯಕಿಯ ಮುಂದೆ ಮತ್ತೆ ಕೈ ನೀಡಿದಳು. "ಇನ್ನೊಸಿ ಬುಡವ್ವ," ಎಂದು ಸ್ಯಾನಿಟೈಸರ್ ಹಾಕಿಸಿಕೊಂಡು, ಬೆರಳಿನ ಸಂದಿ, ಉಗುರಿನ ಬುಡ, ಮೊಣಕೈವರೆಗೂ ತಿಕ್ಕಿದಳು. ಹುಳದ ಮನೆಗೆ ಹೋಗುವ ಮೊದಲು ಹೇಗೆ ತಿಕ್ಕುತ್ತಾಳೋ ಹಾಗೆ. ಒಣಗಲಿ ಎಂದು ಕೈಗಳನ್ನು ಸ್ವಲ್ಪ ಹೊತ್ತು ಗಾಳಿಗೆ ಹಿಡಿದಳು.

ಆಮೇಲೆ, "ಬಾ ಇಲ್ಲಿ," ಎಂದಳು.

ಹೋದೆ. ಆ ಎರಡೂ ಕೈಗಳು ನನ್ನ ಮುಖ ಹುಡುಕಿಕೊಂಡು ಬಂದವು. ಹಣೆ ಮುಟ್ಟಿದಳು, ಹುಬ್ಬು ಮುಟ್ಟಿದಳು, ಮಾಸ್ಕಿನ ಮೇಲಿಂದಲೇ ಕೆನ್ನೆ ಒತ್ತಿ ನೋಡಿದಳು. ಸೊಪ್ಪು ಕೊಯ್ದು ಕೊಯ್ದು ಒರಟಾದ ಬೆರಳು, ಸ್ಯಾನಿಟೈಸರಿನಿಂದ ತಣ್ಣಗಿದ್ದವು.

"ಸೊರ್ಗೋಗಿದ್ದೀಯಲ್ಲಮ್ಮಿ," ಎಂದಳು. "ಸರ್ಯಾಗಿ ಉಣ್ತಿಲ್ವಾ?"

ಹೌದು, ಆ ವರ್ಷದ ಭಯದಲ್ಲಿ ಸರಿಯಾಗಿ ಉಣ್ಣುತ್ತಿರಲಿಲ್ಲ. ಎಷ್ಟೋ ತಿಂಗಳಿಂದ ನನ್ನ ಗಂಡನಿಗಾಗಲಿ ಬೇರೆ ಯಾರಿಗಾಗಲಿ ಅದು ಕಂಡಿರಲಿಲ್ಲ. ಎರಡು ಕಣ್ಣೂ ಸರಿಯಿದ್ದ ಎಲ್ಲರೂ ಫೋನಿನಲ್ಲಿ ನನ್ನ ಮುಖ ನೋಡಿ ಚೆನ್ನಾಗಿದ್ದೀರಿ ಮೇಡಂ ಎಂದಿದ್ದರು.

ಸ್ಕೂಟರ್ ಹತ್ತುವಾಗ ಗೋಡೆಗೆ ಒರಗಿದ್ದ ಮೊರ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ತಡವಿ ನೋಡಿ ವಾಪಸ್ಸು ಕೊಟ್ಟಳು.

"ಮುಂದುಕ್ಕಿಕ್ಕ. ಕಾಲತ್ರ."

ಕಾಲಿನ ಹತ್ತಿರ ಇಟ್ಟುಕೊಂಡೆ. ಹಿಂದಿನಿಂದ ಎರಡು ಕೈ ಬಂದು ನನ್ನ ಸೊಂಟ ಬಳಸಿ ಹಿಡಿದವು. ಕೊಳ್ಳೇಗಾಲ ದಾಟಿದೆವು, ಗದ್ದೆ ಶುರುವಾಯಿತು, ಯಳಂದೂರಿನ ಕಡೆಯಿಂದ ಲಾರಿಗಳು ಬರುತ್ತಿದ್ದವು. ಗಾಡಿ ಈ ಸಲ ವಾಲಲಿಲ್ಲ. ಅವಳ ಕೆನ್ನೆ ನನ್ನ ಬೆನ್ನಿಗೆ ಒರಗಿತ್ತು, ಸೀರೆಯಿಂದ ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತಿತ್ತು. ಆ ವರ್ಷದಲ್ಲಿ ಮೊದಲ ಬಾರಿಗೆ ನನಗೆ ಯಾವುದರ ಭಯವೂ ಇರಲಿಲ್ಲ.

ಮಲಗಿದ್ದಾಳೇನೋ ಎಂದುಕೊಂಡು, "ದೊಡ್ಡವ್ವ, ಗಾಳಿ ಹೊಡೀತಿದ್ಯಾ?" ಎಂದೆ.

"ಇಲ್ಲ ಕಣಮ್ಮಿ," ಎಂದಳು. "ಬೆಚ್ಗದೆ."